ತೂಕವಿಲ್ಲದ ಬಳೆ

ನನ್ನ ಕಾರಿಗೆ ನಾಲ್ಕು ಚಕ್ರಗಳಿವೆ. ಬೇರೆಯವರು ಇಂಥ ಮಾತನ್ನು ಯೋಚಿಸದೆ ಹೇಳಿಬಿಡಬಲ್ಲರು. ನಾನು ಹೇಳುವ ಮೊದಲು ಒಮ್ಮೆ ಹೊರಗೆ ಹೋಗಿ ನೋಡಿ ಬರುತ್ತೇನೆ.

ನನ್ನದು ಅಂಗಡಿಯಲ್ಲಿ ಕೊಂಡು ಓಡಿಸಿಕೊಂಡು ಬಂದ ಕಾರಲ್ಲ, ಕಿಟ್ ಕಾರು. ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂತು, ಜೋಡಿಸಿದ್ದು ನಾನು. ನಾಲ್ಕು ಚಕ್ರಗಳ ನಡುವೆ ಮಲಗಿಸಿದ ಉದ್ದನೆಯ ಸ್ನಾನದ ತೊಟ್ಟಿ ಎಂದುಕೊಳ್ಳಿ. ಮೇಲೆ ಚಾವಣಿಯಿಲ್ಲ, ಪಕ್ಕಕ್ಕೆ ಬಾಗಿಲಿಲ್ಲ. ಮುಂದಿನ ಚಕ್ರಗಳು ಮೈಗೆ ಅಂಟದೆ ಹೊರಗೇ ನಿಂತಿರುವುದರಿಂದ ಓಡಿಸುವವನಿಗೆ ಕೂತಲ್ಲಿಂದಲೇ ಕಾಣುತ್ತವೆ. ಬೇರೆ ಕಾರುಗಳಲ್ಲಿ ಚಕ್ರ ಕಳಚಿದರೆ ಸದ್ದಾದ ಮೇಲೆ ತಿಳಿಯುತ್ತದೆ. ನನ್ನ ಕಾರಿನಲ್ಲಿ ಅದು ಹೊರಡುವುದನ್ನೇ ನೋಡಬಹುದು. ಈ ಅನುಕೂಲವನ್ನು ಕಂಪನಿಯವರು ತಮ್ಮ ಪುಸ್ತಿಕೆಯಲ್ಲಿ ಹೇಳಿಕೊಂಡಿರಲಿಲ್ಲ.

ನಮ್ಮ ನಾರ್ಫೋಕ್ ಸೀಮೆಯಲ್ಲಿ ಇಂಥ ಕಾರು ಕಟ್ಟಿದವರದೊಂದು ಸಂಘವಿದೆ. ತಿಂಗಳಿಗೊಮ್ಮೆ ಊರ ಪಬ್ಬಿನ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಅಲ್ಲಿ ಮಾತು ಒಂದೇ, ತೂಕ. ಕಾರು ಹಗುರವಾದಷ್ಟೂ ಓಟ ಚುರುಕು. ಒಬ್ಬರು ಬೋಲ್ಟುಗಳೊಳಗೆ ತೂತು ಕೊರೆದು ಹಗುರ ಮಾಡುತ್ತಾರೆ, ಇನ್ನೊಬ್ಬರು ಕಾಣದ ಕಡೆಯ ಬಣ್ಣ ಕೆರೆದು ತೆಗೆಯುತ್ತಾರೆ. ಆಮೇಲೆ ಎಲ್ಲರೂ ಮಾಂಸದ ಕಡುಬು, ಆಲೂಗಡ್ಡೆ, ಎರಡೆರಡು ಗ್ಲಾಸು ಬಿಯರು ಮುಗಿಸಿ ಕಾರು ಹತ್ತುತ್ತಾರೆ. ಹೊಟ್ಟೆಗಳ ವಿಷಯವನ್ನು ಸಂಘದಲ್ಲಿ ಯಾರೂ ಎತ್ತುವುದಿಲ್ಲ.

ಅಲ್ಲಿ ಒಂದು ಸಂಜೆ ಡಡ್ಲಿ ಎಂಬ ಸದಸ್ಯ ನನ್ನ ಕಾರಿನ ಕೆಳಗೆ ಬಗ್ಗಿ ನೋಡಿ, "ಇನ್ನೂ ಉಕ್ಕಿನ ಹಬ್ಬುಗಳೇನಾ, ಲಯನೆಲ್? ಪಾಪ," ಎಂದ.

ಹಬ್ ಎಂದರೆ ಚಕ್ರದ ನಡುವೆ ಕೂತು ಅದನ್ನು ಕಾರಿಗೆ ಹಿಡಿದುಕೊಂಡಿರುವ ಲೋಹದ ಗಡ್ಡೆ. ಅದಿಲ್ಲದಿದ್ದರೆ ಚಕ್ರಕ್ಕೂ ಕಾರಿಗೂ ಇರುವುದು ಬರೀ ಮುಖಪರಿಚಯ. ಉಕ್ಕಿನ ಹಬ್‌ಗಳಿಂದ ನನಗೆ ಯಾವ ತೊಂದರೆಯೂ ಆಗಿರಲಿಲ್ಲ. ಆದರೆ ಆ "ಪಾಪ" ಎಂಬ ಮಾತನ್ನು ಹೊತ್ತುಕೊಂಡು ಮನೆಗೆ ಬಂದೆ, ಮರುದಿನವೇ ಮಿಶ್ರಲೋಹದ ಹಗುರ ಹಬ್‌ಗಳು ನಾಲ್ಕು ಬೇಕೆಂದು ಕಂಪನಿಗೆ ಹೇಳಿಬಿಟ್ಟೆ.

ಬಂದವು. ಬೆಳ್ಳಿಯ ಲೋಟಗಳ ಹಾಗೆ ಹೊಳೆಯುತ್ತಿದ್ದವು. ಎಷ್ಟು ಹಗುರ ಎಂದು ತಿಳಿಯಬೇಕಲ್ಲ? ಅಡುಗೆಮನೆಯಿಂದ ನನ್ನ ಹೆಂಡತಿ ಬೆರಿಲ್‌ಳ ಮುಳ್ಳಿನ ತಕ್ಕಡಿಯನ್ನು ಎತ್ತಿಕೊಂಡು ಗ್ಯಾರೇಜಿಗೆ ಹೋದೆ. ಗಡಿಯಾರದಂಥ ಮುಖ, ಮೇಲೊಂದು ತಟ್ಟೆ. ಅವಳ ಥರ್ಜಾ ಆಂಟಿ ಮದುವೆಗೆ ಕೊಟ್ಟಿದ್ದು. ಮೊದಲು ಬಿಚ್ಚಿದ ಹಳೆಯ ಹಬ್ಬನ್ನು ತೂಗಿದೆ. ತಟ್ಟೆಯ ಮೇಲೂ ಕೆಳಗೂ ಗ್ರೀಸು ಮೆತ್ತಿಕೊಂಡಿತು. ಬೆರಿಲ್ ನೋಡಿದರೆ ನನ್ನನ್ನೇ ತೂಗಿಬಿಡುತ್ತಾಳೆಂದು ತಟ್ಟೆ ತೆಗೆದು ಒರೆಸಿ ಮತ್ತೆ ಕೂರಿಸಿ, ಹೊಸದನ್ನು ಇಟ್ಟೆ.

ಕಂಪನಿಯವರು ಹೇಳಿದ್ದಕ್ಕಿಂತ ನೂರೈವತ್ತು ಗ್ರಾಂ ಹೆಚ್ಚು ಹಗುರ! ಇನ್ನೊಂದನ್ನು ಇಟ್ಟೆ. ಅದೂ ಹಾಗೆಯೇ. ನಾಲ್ಕೂ ಹಾಗೆಯೇ.

"ಬೆರಿಲ್!" ಎಂದು ಕೂಗಿದೆ. "ನಾಲ್ಕು ಹಬ್ಬಿಂದ ಎಷ್ಟು ತೂಕ ಇಳೀತು ಗೊತ್ತಾ?"

"ನೀನು ಬೆಳಗ್ಗೆ ಎರಡನೇ ಸಲ ಹಂದಿ ಮಾಂಸ ಹಾಕಿಸ್ಕೊಳ್ದೆ ಇದ್ದಿದ್ರೆ ಅಷ್ಟೇ ಇಳೀತಿತ್ತು," ಎಂದಳು ಅಡುಗೆಮನೆಯಿಂದ. "ತಕ್ಕಡಿ ತಂದಿಡು. ಗ್ರೀಸು ಮಾಡಿದ್ಯೋ, ಜೋಕೆ."

ತಂದಿಟ್ಟು ಹೋಗಿ ಹಬ್‌ಗಳನ್ನು ಜೋಡಿಸಿದೆ. ಪೇಟೆಯ ಕಾಲೇಜಿನಲ್ಲಿ ಮಂಗಳವಾರದ ಸಂಜೆ ತರಗತಿಗೆ ಹೋಗಿ ವಾಹನ ದುರಸ್ತಿ ಕಲಿತವನು ನಾನು. ಒಂದೇ ಒಂದು ತರಗತಿ ತಪ್ಪಿಸಿದ್ದೆ, ನೆಗಡಿಯಾಗಿ. ಅಂದು ಹಬ್ಬಿನ ಪಾಠ. ಆದರೂ ಪ್ರತಿಯೊಂದು ನಟ್ಟನ್ನೂ ಹೇಳಿದಷ್ಟೇ ಬಿಗಿ ಮಾಡಿ, ಮೇಲೆ ಹಳದಿ ಬಣ್ಣದ ಗುರುತು ಎಳೆದು, ಕೈ ಒರೆಸಿಕೊಂಡು ಬೆಂಚಿನ ಕಡೆ ತಿರುಗಿದೆ.

ಬೆಂಚಿನ ಮೇಲೆ ಒಂದು ಬಳೆ ಉಳಿದಿತ್ತು.

ಉಕ್ಕಿನ ಬಣ್ಣದ, ಗ್ರೀಸು ಮೆತ್ತಿದ, ಒಳಂಚಿನಲ್ಲಿ ಸಣ್ಣ ಮೆಟ್ಟಿಲಿದ್ದ ಬಳೆ. ಅದು ಸುಮ್ಮನೆ ಕೂತಿತ್ತು. ಕಾರು ಕಟ್ಟುವವನಿಗೆ ಕೆಲಸ ಮುಗಿದ ಮೇಲೆ ಬೆಂಚಿನ ಮೇಲೆ ಉಳಿದ ಒಂದು ಭಾಗಕ್ಕಿಂತ ಭಯಂಕರವಾದ ವಸ್ತು ಈ ಲೋಕದಲ್ಲಿಲ್ಲ. ಏನಾದರೂ ಕಡಿಮೆ ಬಿದ್ದರೆ ತರಿಸಿಕೊಳ್ಳಬಹುದು. ಹೆಚ್ಚಾಗಿ ಉಳಿದದ್ದನ್ನು ಎಲ್ಲಿಗೆ ಕಳಿಸುವುದು?

ಎಲ್ಲ ಬಿಚ್ಚಿದೆ. ಮತ್ತೆ ಜೋಡಿಸಿದೆ. ಬಳೆ ಉಳಿಯಿತು. ಕಂಪನಿಯವರು ಕೊಟ್ಟ ಚಿತ್ರ ನಕಲಿನ ನಕಲು; ಅದರಲ್ಲಿ ಬೇರಿಂಗಿನ ಪಕ್ಕ ಒಂದು ಕಪ್ಪು ಮಸಿ ಇತ್ತು. ಅದು ಈ ಬಳೆಯೂ ಇರಬಹುದು, ನಕಲು ತೆಗೆದವನ ಹೆಬ್ಬೆರಳೂ ಇರಬಹುದು. ಮತ್ತೊಮ್ಮೆ ಬಿಚ್ಚಿ ಜೋಡಿಸಿದೆ. ಉಳಿಯಿತು. ಆ ನಟ್ಟುಗಳನ್ನು ಒಂದು ಸಲ ಬಿಗಿದರೆ ಮತ್ತೆ ಬಳಸಬಾರದು; ನನ್ನಲ್ಲಿದ್ದ ಹೊಸ ನಟ್ಟುಗಳೆಲ್ಲ ಮುಗಿದವು. ಕಂಪನಿಗೆ ಫೋನು ಮಾಡಿದೆ. ಇಬ್ಬರೇ ನಡೆಸುವ ಕಾರ್ಖಾನೆ ಅದು. "ನಾವು ಪ್ರದರ್ಶನಕ್ಕೆ ಹೋಗಿದ್ದೇವೆ. ಸೋಮವಾರ ಸಿಗುತ್ತೇವೆ. ಅಲ್ಲಿಯವರೆಗೆ ಸುರಕ್ಷಿತವಾಗಿ ಓಡಿಸಿ," ಎಂದಿತು ಯಂತ್ರದ ದನಿ.

ಸೋಮವಾರಕ್ಕೆ ಮೊದಲು ಶನಿವಾರವಿತ್ತು. ಶನಿವಾರ ಥರ್ಜಾ ಆಂಟಿಗೆ ಎಂಬತ್ತೆಂಟು ತುಂಬುವ ದಿನ. ಕಡಲ ತೀರದ ಊರಿನ ಚರ್ಚ್ ಸಭಾಂಗಣದಲ್ಲಿ ಇಡೀ ಬಂಧುಬಳಗಕ್ಕೆ ಚಹಾಕೂಟ. ಅಲ್ಲಿಗೆ ಆಂಟಿಯನ್ನು ನನ್ನ ಕಾರಿನಲ್ಲಿ ಕರೆದುಕೊಂಡು ಹೋಗುವುದೆಂದು ಚಳಿಗಾಲದಲ್ಲೇ ಮಾತಾಗಿತ್ತು. ತೀರಿಹೋದ ಗಂಡನ ಮೋಟಾರ್ ಸೈಕಲ್ಲಿನ ಪಕ್ಕದ ತೊಟ್ಟಿಯಲ್ಲಿ ಕೂತು ಅವರು ಅದೇ ದಾರಿಯಲ್ಲಿ ಎಷ್ಟೋ ಸಲ ಕಡಲಿಗೆ ಹೋದವರು. ಇನ್ನೊಮ್ಮೆ ಮುಖಕ್ಕೆ ಗಾಳಿ ಹೊಡೆಸಿಕೊಂಡು ಆ ದಾರಿಯಲ್ಲಿ ಹೋಗಬೇಕೆಂಬುದು ಅವರ ಆಸೆ. ಈಗ ನನ್ನೆದುರು ಇದ್ದದ್ದು ಎರಡೇ: ಆಂಟಿಯ ಜೀವ, ಇಲ್ಲವೇ ನನ್ನ ಮಾನ. ಹಳೆಯ ಹಬ್‌ಗಳನ್ನೇ ಹಾಕೋಣವೆಂದರೆ ಅವನ್ನು ಸಂಘದ ಹಿರಿಯರಾದ ಗೆಜ್ ಒಯ್ದು ತಮ್ಮ ದೋಣಿಗೆ ಲಂಗರು ಮಾಡಿಕೊಂಡಿದ್ದರು. ಅವು ನದಿಯ ತಳದಲ್ಲಿದ್ದವು.

ಗೆಜ್ ಅವರನ್ನೇ ಮನೆಗೆ ಕರೆದೆ. ವಿಮಾನ ಕಾರ್ಖಾನೆಯಲ್ಲಿ ಬಹಳ ವರ್ಷ ಇದ್ದು ನಿವೃತ್ತರಾದವರು. ಅವರು ಕಣ್ಣು ಕಿರಿದು ಮಾಡಿದರೆ ಸಂಘದಲ್ಲಿ ಎಲ್ಲರೂ ಮಾತು ನಿಲ್ಲಿಸುತ್ತಾರೆ. ಅಡುಗೆಮನೆಯ ಮೇಜಿನ ಮೇಲೆ ಬಳೆ ಇಟ್ಟೆ. ಬೆರಿಲ್ ಒಲೆಯ ಹತ್ತಿರ ಆಂಟಿಯ ಹುಟ್ಟುಹಬ್ಬದ ಕೇಕಿಗೆ ದ್ರಾಕ್ಷಿ ತೊಳೆಯುತ್ತಿದ್ದಳು. ಗೆಜ್ ಕಣ್ಣು ಕಿರಿದು ಮಾಡಿದರು.

"ಕಂಪನಿಯೋರು ಹೇಳಿದ್ದಕ್ಕಿಂತ ಹಗುರ ಬಂತು ಅಂದ್ಯಲ್ಲ?"

"ಹೌದು. ಒಂದೊಂದೂ ನೂರೈವತ್ತು ಗ್ರಾಂ."

"ಹಾಗಿದ್ರೆ ಒಳಗೆ ಏನೋ ಇಲ್ಲ," ಎಂದರು ಗೆಜ್. "ಇರ್ಬೇಕಾದ್ದು ಇದ್ದಿದ್ರೆ ಇರ್ಬೇಕಾದಷ್ಟು ತೂಗೋದು. ಸರಳ ಲೆಕ್ಕ."

ನಾನು ಈ ಸರಳ ಲೆಕ್ಕವನ್ನು ಒಪ್ಪಿಕೊಂಡು ಕುರ್ಚಿಯಲ್ಲಿ ಕೂತೆ.

"ಇದನ್ನ ತೂಗಿದ್ಯಾ?"

ತೂಗಿರಲಿಲ್ಲ. ತಕ್ಕಡಿಯ ತಟ್ಟೆಯಲ್ಲಿ ಬಳೆ ಇಟ್ಟೆವು. ಮುಳ್ಳು ಸೊನ್ನೆಯಲ್ಲೇ ನಿಂತಿತ್ತು. ಗೆಜ್ ತಕ್ಕಡಿಯನ್ನು ತಟ್ಟಿದರು. ಮುಳ್ಳು ಅಲುಗಲಿಲ್ಲ. ಬಳೆ ತೆಗೆದರೂ ಸೊನ್ನೆ, ಇಟ್ಟರೂ ಸೊನ್ನೆ. ಒಂದು ಚಮಚ ಸಕ್ಕರೆಗೂ ಗೌರವ ಕೊಡುವ ತಕ್ಕಡಿ ಅದು.

ಗೆಜ್ ನಿಧಾನವಾಗಿ ಟೋಪಿ ತೆಗೆದರು. "ಇದಕ್ಕೆ ತೂಕವೇ ಇಲ್ಲ," ಎಂದರು ಪಿಸುದನಿಯಲ್ಲಿ.

"ಕೈಗೆ ಭಾರ ಅನ್ಸುತ್ತಲ್ಲ?"

"ಕೈ ಬಿಡು, ಕೈಗೆ ಏನು ಗೊತ್ತು?" ನಮ್ಮ ಸಂಘದಲ್ಲಿ ಕೈ ಅಂದಾಜಿಗೆ ಬೆಲೆಯಿಲ್ಲ. ತಕ್ಕಡಿ ಹೇಳಿದ್ದೇ ಮಾತು. "ಯಾವುದೋ ಹೊಸ ಲೋಹ. ನಮ್ಮ ಕಾರ್ಖಾನೇಲೂ ಇಂಥದ್ದು ನೋಡ್ಲಿಲ್ಲ. ಲಯನೆಲ್, ಒಂದು ಬಳೇನ ಇಷ್ಟು ಹಗುರ ಮಾಡೋಕೆ ಎಷ್ಟು ಕಷ್ಟ ಪಟ್ಟಿರ್ಬೇಕು ಯೋಚ್ನೆ ಮಾಡು. ಬೇಡದ ಭಾಗಕ್ಕೆ ಯಾರಾದ್ರೂ ಇಷ್ಟು ಕಷ್ಟ ಪಡ್ತಾರಾ? ಇದು ಆ ಹಬ್ಬಿನ ಜೀವ ಕಣಯ್ಯಾ."

"ಹಾಗಾದ್ರೆ ಚಕ್ರ..."

"ಬೀಳ್ದೇನೂ ಇರ್ಬಹುದು," ಎಂದು ಗೆಜ್ ಧೈರ್ಯ ತುಂಬಿದರು. "ನಿಧಾನ ಹೋದ್ರೆ."

"ನಿಮ್ಮಿಬ್ಬರ ಆಟ ಮುಗೀತಾ?" ಎಂದು ಬೆರಿಲ್ ನಮ್ಮ ನಡುವೆ ಕೈ ಹಾಕಿ ತಕ್ಕಡಿ ಎಳೆದುಕೊಂಡಳು. "ಹಿಟ್ಟು ತೂಗ್ಬೇಕು ನಾನು. ಈ ತಟ್ಟೆ ಬೇರೆ ಕುಣಿಯುತ್ತೆ ಈಚೆಗೆ. ಅವತ್ತಿಂದ ಮಾಡಿದ್ದೆಲ್ಲ ಕಲ್ಲಾಗ್ತಾ ಇದೆ."

ಅದು ನಿಜ. ಆ ವಾರ ಅವಳು ಮಾಡಿದ ಸ್ಕೋನ್ ಬನ್ನುಗಳು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನನ್ನ ಭಯದಿಂದ ಹಾಗಾಗುತ್ತಿದೆ ಎಂದುಕೊಂಡಿದ್ದೆ.

ಗುರುವಾರ ಆಂಟಿಗೆ ಫೋನು ಮಾಡಿ, ಮಳೆ ಬರಬಹುದು ಎಂದೆ.

"ನನ್ಹತ್ರ ಕೊಡೆ ಇದೆ," ಎಂದರು.

ಚಳಿಗಾಳಿ ಎಂದೆ.

"ಕೋಟಿದೆ."

ಕಾರಿನ ಸೀಟು ತೀರಾ ತಗ್ಗು, ಇಳಿಯೋದು ಕಷ್ಟ ಎಂದೆ.

"ಹುಡುಗಾ," ಎಂದರು. ನಮ್ಮ ಕಡೆಯ ಹಳೆಯ ಕಾಲದವರಿಗೆ ಅರವತ್ತು ದಾಟಿದ ನಾನೂ ಹುಡುಗನೇ. "ಕರ್ಕೊಂಡು ಹೋಗೋಕೆ ಇಷ್ಟ ಇಲ್ದಿದ್ರೆ ನೇರ ಹೇಳು. ನೈಜೆಲ್ ಕಾರಿದೆ. ಸೀಟು ಬೆಚ್ಚಗೆ ಮಾಡೋ ಗುಂಡಿ ಇದ್ಯಂತೆ ಅದ್ರಲ್ಲಿ."

ನೈಜೆಲ್ ಬೆರಿಲ್‌ಳ ತಮ್ಮ. ನನ್ನ ಕಾರನ್ನು ನೋಡಿದಾಗಲೆಲ್ಲ "ಬಾಕಿ ಅರ್ಧ ಯಾವಾಗ ಬರುತ್ತೆ ಭಾವ?" ಎಂದು ಕೇಳುವವನು.

"ಹತ್ತು ಗಂಟೆಗೆ ಬರ್ತೀನಿ ಆಂಟಿ," ಎಂದೆ.

ಶನಿವಾರ ಕಡಲ ಕಡೆಯಿಂದ ಮಂಜು ಬಂದು ಹೊಲಗಳ ಮೇಲೆ ಕೂತಿತ್ತು. ಆಂಟಿ ತಮ್ಮ ಒಳ್ಳೆಯ ಕೋಟು ಹಾಕಿಕೊಂಡು ಬಂದರು, ಅದು ಕಪ್ಪು. ಒಳ್ಳೆಯ ಟೋಪಿಯೂ ಕಪ್ಪು. ಗಾಳಿಗೆ ಹಾರದಿರಲೆಂದು ಅದರ ಮೇಲೆ ಕಪ್ಪು ಜಾಲರಿಯನ್ನು ಗಲ್ಲದ ಕೆಳಗೆ ಬಿಗಿದು ಕಟ್ಟಿಕೊಂಡಿದ್ದರು. ನನ್ನ ಕಾರಿನಲ್ಲಿ ಸಾಮಾನಿಡಲು ಜಾಗವಿಲ್ಲ, ತೂಕ ಕಡಿಮೆಯಾಗಲೆಂದು ಅದನ್ನೂ ಬಿಟ್ಟಿದ್ದೆ. ಆದ್ದರಿಂದ ಬೆರಿಲ್ ತಂದಿದ್ದ ಬಿಳಿ ಲಿಲ್ಲಿ ಹೂವಿನ ದೊಡ್ಡ ಗೊಂಚಲನ್ನು ಸೀಟಿನ ಹಿಂದೆ ಕಟ್ಟಿದೆವು. ಕೇಕು ಒಂದು ದುಂಡನೆಯ ಮುಚ್ಚಳದ ಡಬ್ಬಿಯಲ್ಲಿತ್ತು. ಅದನ್ನು ಆಂಟಿಯ ಮಡಿಲಲ್ಲಿ ಇಟ್ಟಾಗ ಅವರ ಮೊಣಕಾಲು ಸ್ವಲ್ಪ ಕೆಳಗಿಳಿಯಿತು.

"ಅಬ್ಬಾ!" ಎಂದರು. "ಯಾರಿದಾರೆ ಇದ್ರೊಳಗೆ?"

ಬೆರಿಲ್ ನಮ್ಮ ಮನೆಯ ಕಪ್ಪು ಕಾರಿನಲ್ಲಿ ದೀಪ ಹಾಕಿಕೊಂಡು ಹಿಂದೆ ಬರುವುದೆಂದಾಯಿತು. "ಚಕ್ರ ಗಿಕ್ರ ಬಿದ್ರೆ ಎತ್ತಿಕೊಂಡು ಬಾ," ಎಂದು ನಾನು ನಕ್ಕೆ. ಬಳೆ ನನ್ನ ಕೋಟಿನ ಜೇಬಿನಲ್ಲಿತ್ತು.

ಗಂಟೆಗೆ ಹನ್ನೆರಡು ಮೈಲಿ ವೇಗದಲ್ಲಿ ಹೊರಟೆ. ಕಣ್ಣು ಎಡಗಡೆಯ ಮುಂದಿನ ಚಕ್ರದ ಮೇಲೆ. ಅದು ಆಂಟಿಯ ಕಡೆಯದು. ರಸ್ತೆಯನ್ನು ಆಗಾಗ ನೋಡುತ್ತಿದ್ದೆ.

"ಹೊರಟ್ವಾ?" ಎಂದು ಕೇಳಿದರು ಆಂಟಿ, ಊರು ದಾಟಿದ ಮೇಲೆ.

ಹಿಂದೆ ಕಾರುಗಳು ಸೇರಿಕೊಳ್ಳತೊಡಗಿದವು. ಮಂಜಿದ್ದುದರಿಂದ ಎಲ್ಲವೂ ದೀಪ ಹಾಕಿಕೊಂಡಿದ್ದವು. ಮುಂದೆ ಹೋಗಲಿ ಎಂದು ನಾನು ಕೈ ಬೀಸಿದೆ. ಯಾರೂ ಹೋಗಲಿಲ್ಲ. ನೇರವಾದ ಖಾಲಿ ರಸ್ತೆ, ಎದುರಿಗೆ ಒಂದು ಹಸುವೂ ಇಲ್ಲ. ಆದರೂ ಎಲ್ಲರೂ ತಲೆ ತಗ್ಗಿಸಿದಂತೆ ನನ್ನ ಹಿಂದೆಯೇ ಬಂದರು. ಯಾವತ್ತೂ ಹಾರ್ನು ಹೊಡೆದು ಬೈದುಕೊಂಡು ಹೋಗುವ ಬ್ರೆಡ್ಡಿನ ವ್ಯಾನಿನವನೂ ಬಾಲಕ್ಕೆ ಸೇರಿಕೊಂಡು ಸುಮ್ಮನಿದ್ದ. ಇವರಿಗೆಲ್ಲ ಏನೋ ಕಾಣಿಸುತ್ತಿದೆ ಎನ್ನಿಸಿತು. ಹಿಂದಿನಿಂದ ನೋಡಿದರೆ ನನ್ನ ಚಕ್ರ ಓಲಾಡುವುದು ಕಾಣುತ್ತಿರಬೇಕು. ಪಕ್ಕಕ್ಕೆ ಬರಲು ಹೆದರುತ್ತಿದ್ದಾರೆ.

ಹತ್ತು ಮೈಲಿಗೆ ಇಳಿಸಿದೆ.

ಮುಂದಿನ ಹಳ್ಳಿಯಲ್ಲಿ ಚರ್ಚಿನ ಗೋಡೆಯ ಮೇಲೆ ಒಬ್ಬ ಮುದುಕ ಕೂತು ಪೈಪು ಸೇದುತ್ತಿದ್ದ. ನಮ್ಮನ್ನು ನೋಡಿದವನೇ ಎದ್ದು ನಿಂತು, ಪೈಪು ಬಾಯಿಂದ ತೆಗೆದು, ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಅವನ ಕಣ್ಣು ಮೊದಲು ಆಂಟಿಯ ಮೇಲೆ, ಆಮೇಲೆ ನನ್ನ ಮೇಲೆ ನಿಂತಿತು. ಎಷ್ಟು ಕರುಣೆ ಇತ್ತು ಆ ಕಣ್ಣಿನಲ್ಲಿ!

'ಅವನಿಗೂ ಕಂಡಿದೆ,' ಎಂದುಕೊಂಡೆ. ನನ್ನ ಬೆನ್ನು ಬೆವರಿನಿಂದ ಸೀಟಿಗೆ ಅಂಟಿತು.

"ಯಾರದು? ಪರಿಚಯದೋನಾ?" ಎಂದು ಆಂಟಿ ಕೈ ಎತ್ತಿದರು. ಮುದುಕ ಇನ್ನಷ್ಟು ತಲೆ ಬಾಗಿಸಿದ. "ಒಳ್ಳೆ ಮರ್ಯಾದೆ ಇರೋ ಊರು. ಹುಡುಗಾ, ನಾವು ಇವತ್ತೇ ಅಲ್ಲಿ ಸೇರ್ತೀವಿ ತಾನೆ?"

ಎದುರಿನಿಂದ ಬಂದ ಟ್ರ್ಯಾಕ್ಟರು ನಮ್ಮನ್ನು ಕಂಡು ಹುಲ್ಲಿನ ಮೇಲೆ ಇಳಿದು ನಿಂತಿತು. ಅದರವನು ಇಂಜಿನ್ನನ್ನೇ ಆರಿಸಿ ಕೈಕಟ್ಟಿ ನಿಂತ. ಒಬ್ಬ ಹೆಂಗಸು ನಾಯಿಯನ್ನು ಕೂರಿಸಿದಳು. ಕೊನೆಗೆ ದೊಡ್ಡ ರಸ್ತೆ ಸೇರುವ ಅಡ್ಡರಸ್ತೆಯಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಒಬ್ಬ ಪೊಲೀಸು ಕಂಡ. ಈಗ ನಿಲ್ಲಿಸುತ್ತಾನೆ, ಚಕ್ರ ಅಲುಗಿಸಿ ನೋಡುತ್ತಾನೆ, ಅದು ಅವನ ಕೈಗೇ ಬರುತ್ತದೆ.

ಅವನು ನಿಲ್ಲಿಸಿದ್ದು ನನ್ನನ್ನಲ್ಲ. ಎರಡೂ ಕಡೆಯ ವಾಹನಗಳನ್ನು ಕೈ ಎತ್ತಿ ನಿಲ್ಲಿಸಿ, ನನಗೆ ದಾರಿ ಬಿಟ್ಟು, ನೇರ ನಿಂತು ಸೆಲ್ಯೂಟ್ ಹೊಡೆದ. ಆಮೇಲೆ ಬೈಕು ಹತ್ತಿ, ದೀಪ ಮಿನುಗಿಸುತ್ತ, ನಡೆಯುವ ವೇಗದಲ್ಲಿ ನನ್ನ ಮುಂದೆ ಹೊರಟ.

ಇಷ್ಟಾದ ಮೇಲೆ ನನಗೆ ಸಂಶಯ ಉಳಿಯಲಿಲ್ಲ. ಸರ್ಕಾರಕ್ಕೇ ವಿಷಯ ತಿಳಿದಿದೆ.

ಸಭಾಂಗಣದ ಮುಂದೆ ಕಾರು ನಿಲ್ಲಿಸಿ ಮೊದಲು ಚಕ್ರ ನೋಡಿದೆ. ಇತ್ತು. ಉಳಿದ ಮೂರೂ ಇದ್ದವು. ನಾನು ಎಡಚಕ್ರದ ಪಕ್ಕ ಮಂಡಿಯೂರಿ ಕೂತು, ಕಣ್ಣು ಮುಚ್ಚಿ, ಅದರ ಮೇಲೆ ಕೈ ಇಟ್ಟೆ. ನನ್ನ ಹಿಂದೆ ಬಂದಿದ್ದ ಕಾರುಗಳು ಒಂದೊಂದಾಗಿ ನಿಂತವು. ಜನ ಇಳಿದು ಬಾಗಿಲು ಸದ್ದಾಗದಂತೆ ಮುಚ್ಚಿ ದೂರದಲ್ಲಿ ನಿಂತರು. ಬ್ರೆಡ್ಡಿನ ವ್ಯಾನಿನವನು ಮೂಗೊರೆಸಿಕೊಂಡ. ಗಾಳಿಗೆ ನನ್ನ ಕಣ್ಣಲ್ಲಿ ಆಗಲೇ ನೀರು ಸುರಿದು ಕೆನ್ನೆಯ ಮೇಲೆ ಒಣಗಿತ್ತು.

ಗುರುತಿಲ್ಲದ ಒಬ್ಬ ದಪ್ಪನೆಯ ಹೆಂಗಸು ಬಂದು ನನ್ನ ಕೈ ಹಿಡಿದಳು. "ಧೈರ್ಯ ತಂದ್ಕೊಳ್ಳಿ. ಎಲ್ಲಾ ಮುಗೀತಲ್ಲ ಈಗ. ತುಂಬ ಒದ್ದಾಟ ಇತ್ತಾ?"

ಇಷ್ಟು ಹೊತ್ತು ಯಾರಿಗೂ ಹೇಳಲಾಗದೆ ಕಟ್ಟಿಕೊಂಡಿದ್ದೆಲ್ಲ ಒಡೆಯಿತು. "ತುಂಬಾ. ಎರಡು ಸಲ ಬಿಚ್ಚಿ ನೋಡ್ದೆ," ಎಂದೆ. "ಒಳಗೆ ಏನೂ ಕಾಣ್ಲಿಲ್ಲ."

ಅವಳ ಕೈ ಸಡಿಲವಾಯಿತು. "ನೀವೇ... ಬಿಚ್ಚಿದ್ರಾ?"

"ಸಂಜೆ ತರಗತೀಲಿ ಕಲಿತಿದೀನಿ."

ಅವಳು ಎರಡು ಹೆಜ್ಜೆ ಹಿಂದೆ ಸರಿದು ಪೊಲೀಸಿನವನ ತೋಳು ಹಿಡಿದಳು. ಅವನು ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು ಆಂಟಿಯ ಮುಂದೆ ಬಗ್ಗಿದ. ಕಣ್ಣು ಅವರ ಮಡಿಲಿನ ಡಬ್ಬಿಯ ಮೇಲಿತ್ತು.

"ಕ್ಷಮಿಸ್ಬೇಕು ಅಮ್ಮಾ. ತೀರ್ಕೊಂಡಿದ್ದು ಯಜಮಾನ್ರಾ?"

"ನನ್ನ ಯಜಮಾನ್ರು ತೀರ್ಕೊಂಡು ಹತ್ತೊಂಬತ್ತು ವರ್ಷ ಆಯ್ತು."

"ಹಾಗಾದ್ರೆ ಇದು..."

"ಇದು ಕೇಕು," ಎಂದರು ಆಂಟಿ. "ಸತ್ತಿರೋರು ಇಲ್ಲಿ ಯಾರೂ ಇಲ್ಲ. ಇವನು ಓಡಿಸಿದ ರೀತಿಗೆ ದಾರೀಲಿ ನಾನೇ ಹೋಗ್ಬೇಕಿತ್ತು, ವಯಸ್ಸಾಗಿ."

ಎಲ್ಲರೂ ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. ಕಪ್ಪು ಕೋಟು, ಜಾಲರಿ, ಬಿಳಿ ಲಿಲ್ಲಿ, ಮಡಿಲಲ್ಲಿ ಚಿತಾಭಸ್ಮದ ಕರಂಡದಂಥ ಡಬ್ಬಿ, ಹಿಂದೆ ದೀಪ ಹಾಕಿದ ಕಪ್ಪು ಕಾರು. ನಮ್ಮ ಕಡೆ ಶವಯಾತ್ರೆಯನ್ನು ಹಿಂದೆ ಹಾಕಿ ಹೋಗುವ ಮನುಷ್ಯ ಇನ್ನೂ ಹುಟ್ಟಿಲ್ಲ. ಆಮೇಲೆ ಬ್ರೆಡ್ಡಿನ ವ್ಯಾನಿನವನು, "ನನ್ನ ಬ್ರೆಡ್ಡೆಲ್ಲ ತಣ್ಣಗಾಯ್ತಲ್ರೀ!" ಎಂದು ಕೂಗಿದ. ಅಲ್ಲಿಂದ ಎಲ್ಲರ ದುಃಖವೂ ಒಟ್ಟಿಗೆ ಸಿಟ್ಟಾಯಿತು.

"ಒಳಗೆ ಬನ್ನಿ ಎಲ್ಲಾರೂ," ಎಂದರು ಆಂಟಿ. "ಇಷ್ಟು ದೂರ ಅಳ್ತಾ ಬಂದಿದೀರಿ, ಚಹಾ ಕುಡ್ಕೊಂಡು ಹೋಗಿ."

ಒಳಗೆ ಬಂಧುಗಳು ಕಾಯುತ್ತಿದ್ದರು. ಗೆಜ್ ಕೂಡ ಇದ್ದರು. ತೂಕವಿಲ್ಲದ ಬಳೆಯ ಗತಿ ಏನಾಯಿತೆಂದು ನೋಡಲು ಬಸ್ಸಿನಲ್ಲಿ ಬಂದಿದ್ದರು. ನನ್ನ ಕಾರಿನಲ್ಲಿ ಬನ್ನಿ ಎಂದರೆ ಒಪ್ಪಿರಲಿಲ್ಲ. ಪೊಲೀಸಿನವನು ಚಹಾದ ಕಪ್ಪು ಹಿಡಿದುಕೊಂಡೇ ನನ್ನ ಎದುರು ನಿಂತ.

"ಈಗ ಹೇಳಿ ಸಾರ್. ಶವಯಾತ್ರೆ ಅಲ್ಲ ಅಂದ್ಮೇಲೆ ಹತ್ತು ಮೈಲಿ ಸ್ಪೀಡಲ್ಲಿ ಯಾಕೆ ಬಂದ್ರಿ?"

ನೈಜೆಲ್ ಹತ್ತಿರ ಸರಿದ. "ಹೌದು, ಹೇಳಿ ಭಾವ. ಬಾಕಿ ಅರ್ಧ ಕಾರಿಗೆ ಕಾಯ್ತಿದ್ರಾ?"

ಜೇಬಿನಿಂದ ಬಳೆ ತೆಗೆದು ಕೇಕಿನ ಪಕ್ಕ ಮೇಜಿನ ಮೇಲಿಟ್ಟೆ. ಎಲ್ಲವನ್ನೂ ಹೇಳಿದೆ. ಇದು ಹಬ್ಬಿನ ಒಳಗಿರಬೇಕಾದದ್ದು, ಹೊರಗೆ ಉಳಿದಿದೆ, ಯಾವ ಚಕ್ರದ್ದೆಂದು ಗೊತ್ತಿಲ್ಲ, ಇದಿಲ್ಲದೆ ಚಕ್ರ ಬೀಳುತ್ತದೆ, ಗೊತ್ತಿದ್ದೂ ಆಂಟಿಯನ್ನು ಕೂರಿಸಿಕೊಂಡು ಬಂದೆ ಎಂದೆ. ಕೊನೆಯ ಮಾತು ಹೇಳುವಾಗ ಆಂಟಿಯ ಮುಖ ನೋಡಲಾಗಲಿಲ್ಲ. ನೈಜೆಲ್‌ನ ನಗುವೂ ನಿಂತಿತು.

"ಇದಕ್ಕೆ ತೂಕ ಇಲ್ಲ ಅನ್ನೋದನ್ನೂ ಹೇಳು," ಎಂದರು ಗೆಜ್. "ವಿಮಾನದ ಲೋಹ."

ಬೆರಿಲ್ ಮಾತ್ರ ನಮ್ಮ ಕಡೆ ನೋಡದೆ ಕೇಕಿನ ಮೇಲೆ ಚಾಕು ಇಟ್ಟು ಒತ್ತುತ್ತಿದ್ದಳು. ಇನ್ನೂ ಒತ್ತಿದಳು. ಚಾಕು ಬಾಗಿತು. "ಸರಿಯಾಗಿ ತೂಗಿ ಹಾಕಿದೀನಿ!" ಎಂದು ಅಳುದನಿಯಲ್ಲಿ ಹೇಳಿದಳು. "ಹಿಟ್ಟು, ಸಕ್ಕರೆ, ಬೆಣ್ಣೆ, ದ್ರಾಕ್ಷಿ, ಒಂದೊಂದೂ ತೂಗಿ ಹಾಕಿದೀನಿ ಆಂಟಿ, ನೀವು ಕೊಟ್ಟ ತಕ್ಕಡೀಲೇ! ಆ ತಟ್ಟೆ ಕುಣಿಯೋಕೆ ಶುರುವಾದಾಗಿಂದ ಹೀಗೇ."

ಥರ್ಜಾ ಆಂಟಿ ಕೇಕನ್ನು ಬೆರಳಿನಿಂದ ಕುಟ್ಟಿ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು ಬಳೆಯನ್ನು ಎತ್ತಿಕೊಂಡರು. ಕರವಸ್ತ್ರದಿಂದ ಗ್ರೀಸು ಒರೆಸಿ, ಒಳಂಚಿನ ಮೆಟ್ಟಿಲಿನ ಮೇಲೆ ಉಗುರು ಆಡಿಸಿದರು.

"ಬೆರಿಲ್, ತಟ್ಟೆ ಕೆಳಗೆ ಬಳೆ ಇದ್ಯಾ?"

"ಯಾವ ಬಳೆ?"

"ಇದೇ," ಎಂದರು ಆಂಟಿ. "ನನ್ನ ತಕ್ಕಡಿ ಬಳೆ. ತಟ್ಟೆ ಇದ್ರ ಮೇಲೆ ಕೂರ್ಬೇಕು. ಇದನ್ನೂ ಸೇರಿಸ್ಕೊಂಡೇ ಅದರ ಸೊನ್ನೆ. ಇದನ್ನ ತೆಗೆದ್ರೆ ಏನಿಟ್ರೂ ಇದ್ರಷ್ಟು ಕಮ್ಮಿ ತೋರ್ಸುತ್ತೆ."

ಪೊಲೀಸಿನವನು ಚಹಾದ ಕಪ್ಪು ಕೆಳಗಿಟ್ಟ. "ಹಾಗಾದ್ರೆ ಇದನ್ನೇ ತಟ್ಟೇಲಿಟ್ಟು ತೂಗಿದ್ರೆ..."

"ಸೊನ್ನೆ," ಎಂದರು ಆಂಟಿ. "ತೆಗೆದ್ರೂ ಸೊನ್ನೆ. ಮುಳ್ಳು ಅದಕ್ಕಿಂತ ಕೆಳಗೆ ಹೋಗಲ್ಲ."

ಗ್ರೀಸು ಮೆತ್ತಿದ ತಟ್ಟೆ ನೆನಪಾಯಿತು. ಹಳೆಯ ಹಬ್ಬು ತೂಗಿದ್ದು ಬಳೆ ಇದ್ದಾಗ; ಹೊಸವನ್ನು ತೂಗಿದ್ದು ತಟ್ಟೆ ಒರೆಸುವಾಗ ಬಳೆ ಅದಕ್ಕಂಟಿಕೊಂಡು ಬಂದು ಬೆಂಚಿನ ಮೇಲೆ ಬಿದ್ದ ಮೇಲೆ. ನನ್ನ ಕಾರಿನ ಹಬ್‌ಗಳಲ್ಲಿ ಇರಬೇಕಾದ್ದೆಲ್ಲ ಇತ್ತು. ಇಲ್ಲದಿದ್ದದ್ದು ನಾನು ಸಂಘದಲ್ಲಿ ಹೇಳಿಕೊಳ್ಳಬೇಕೆಂದಿದ್ದ ನೂರೈವತ್ತು ಗ್ರಾಂ ಮಾತ್ರ. ಅದು ಪೂರ್ತಿ ಕೇಕಿಗೆ ಹೆಚ್ಚುವರಿಯಾಗಿ ಹೋಗಿತ್ತು; ಹಿಟ್ಟಿಗೊಮ್ಮೆ, ಸಕ್ಕರೆಗೊಮ್ಮೆ, ಬೆಣ್ಣೆಗೊಮ್ಮೆ, ದ್ರಾಕ್ಷಿಗೊಮ್ಮೆ. ಮೊಟ್ಟೆ ಮಾತ್ರ ಎಣಿಸಿ ಹಾಕುವುದಾದ್ದರಿಂದ ಅಷ್ಟೇ ಉಳಿದಿತ್ತು.

ಎಲ್ಲರೂ ಗೆಜ್ ಅವರ ಕಡೆ ತಿರುಗಿದರು. ಗೆಜ್ ಕಣ್ಣು ಕಿರಿದು ಮಾಡಿ ಗೋಡೆಯ ಮೇಲಿದ್ದ ಬಿಷಪ್ಪರ ಚಿತ್ರವನ್ನು ನೋಡುತ್ತಿದ್ದರು.

"ನೀನು ಆಸ್ವಲ್ಡ್ ಗೆಜ್ ಅಲ್ವಾ?" ಎಂದರು ಆಂಟಿ. "ವಿಮಾನ ಕಾರ್ಖಾನೆ ಕ್ಯಾಂಟೀನಲ್ಲಿ ಪುಡಿಂಗ್ ಬಡಿಸ್ತಿದ್ದೋನು? ನಿನ್ನ ಪುಡಿಂಗೂ ಹೀಗೇ ಇರ್ತಿತ್ತು."

ಬೆರಿಲ್ ನನ್ನ ಮುಂದೆ ತಟ್ಟೆ ಇಟ್ಟಳು. ನೈಜೆಲ್ ಗರಗಸದಂಥ ಬ್ರೆಡ್ಡಿನ ಚಾಕು ತಂದು ಕೊಯ್ದ ಎರಡು ದೊಡ್ಡ ತುಂಡುಗಳು ಅದರಲ್ಲಿದ್ದವು. "ತಿನ್ನು," ಎಂದಳು. "ನಾಲ್ಕು ಹಬ್ಬಲ್ಲಿ ಉಳಿಸಿದ್ದೆಲ್ಲ ವಾಪಸ್ ಕಾರಿಗೆ ಬರ್ಲಿ." ನಾನು ತಿಂದೆ. ಆ ವಾರದಲ್ಲಿ ಮೊದಲ ಸಲ ಗಂಟಲಲ್ಲಿ ಏನೋ ಇಳಿಯಿತು, ನಿಧಾನವಾಗಿ. ಬ್ರೆಡ್ಡಿನ ವ್ಯಾನಿನವನಿಗೂ ದಪ್ಪನೆಯ ಹೆಂಗಸಿಗೂ ಪೊಲೀಸಿನವನಿಗೂ ಒಂದೊಂದು ತುಂಡು ಹೋಗಿ ಡಬ್ಬಿ ಖಾಲಿಯಾಯಿತು.

ಮಧ್ಯಾಹ್ನ ಮಂಜು ಕರಗಿ ಬಿಸಿಲು ಬಂತು. ಆಂಟಿ ತಾವಾಗಿಯೇ ಕಾರಿನೊಳಗೆ ಇಳಿದು ಕೂತರು, ಮಡಿಲಲ್ಲಿ ಖಾಲಿ ಡಬ್ಬಿ. ನೈಜೆಲ್ ತನ್ನ ಕಾರಿನ ಬೆಚ್ಚನೆಯ ಸೀಟಿನ ಬಾಗಿಲು ತೆರೆದು ನಿಂತಿದ್ದ.

"ಆಂಟಿ," ಎಂದೆ, "ನಿಮ್ಮನ್ನ ಹಾಗೆ ಕೂರಿಸ್ಕೊಂಡು ಬರ್ಬಾರ್ದಿತ್ತು ನಾನು."

"ಬರ್ಬಾರ್ದಿತ್ತು," ಎಂದು ಒಪ್ಪಿಕೊಂಡರು. "ಬೆಳಗ್ಗೆ ಬಂದಿದ್ದು ಲೆಕ್ಕಕ್ಕಿಲ್ಲ. ನಂಗೆ ಗಾಳಿ ಹೊಡಿಸ್ತೀನಿ ಅಂದಿದ್ದೆ ನೀನು. ಗಾಳಿ ಎಲ್ಲಿ ಹುಡುಗಾ?"

ನೆಟ್ಟನೆಯ ರಸ್ತೆ ಸಿಕ್ಕಿತು. ಕಾಲು ಒತ್ತಿದೆ. ಕಾರು ಮುಂದಕ್ಕೆ ನೆಗೆಯಿತು. ಹಬ್‌ಗಳು ನಿಜಕ್ಕೂ ಹಗುರವಾಗಿದ್ದವು, ಕಂಪನಿಯವರು ಹೇಳಿದಷ್ಟೇ. ಆಂಟಿಯ ಕಪ್ಪು ಜಾಲರಿ ಬಿಚ್ಚಿಕೊಂಡು ಹಿಂದಕ್ಕೆ ಹಾರಿತು. "ಇನ್ನೂ!" ಎಂದು ಕೂಗಿದರು. ನನಗೆ ಮತ್ತೆ ಭಯ ಶುರುವಾಯಿತು. ಈ ಸಲ ಕಾರಿಗೆ ಅಲ್ಲ, ಆಂಟಿಗೆ. ಬೆರಿಲ್‌ಳ ಕಾರು ಹಿಂದೆ ಚುಕ್ಕಿಯಾಯಿತು.

ಚರ್ಚಿನ ಗೋಡೆಯ ಮೇಲೆ ಆ ಮುದುಕ ಇನ್ನೂ ಕೂತಿದ್ದ. ಸದ್ದು ಕೇಳಿ ತಿರುಗಿದ. ಅವನ ಲೆಕ್ಕದಲ್ಲಿ ಬೆಳಗ್ಗೆ ಗಂಡನ ಬೂದಿ ಮಡಿಲಲ್ಲಿಟ್ಟುಕೊಂಡು ಹೋದ ವಿಧವೆ, ಬಿಳಿಗೂದಲು ಕೆದರಿಕೊಂಡು, ಕಿರುಚಿ ನಗುತ್ತ, ಗಾಳಿಯಂತೆ ವಾಪಸ್ ಬರುತ್ತಿದ್ದಳು. ಅವನ ಕೈ ಅಭ್ಯಾಸಬಲದಿಂದ ಟೋಪಿಯ ಕಡೆ ಹೋಯಿತು.

ಆಂಟಿ ಖಾಲಿ ಡಬ್ಬಿಯನ್ನು ಎತ್ತಿ, ತಲೆಕೆಳಗೆ ಮಾಡಿ, ಅವನತ್ತ ಜೋರಾಗಿ ಅಲ್ಲಾಡಿಸಿದರು.

ಕನ್ನಡಿಯಲ್ಲಿ ನೋಡಿದೆ. ಅವನು ಎರಡೂ ಕೈಗಳಿಂದ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು, ಗೋಡೆಯ ಆಚೆಗೆ ಇಳಿಯುತ್ತಿದ್ದ.